ಮೂರು ವರ್ಷದ ಕಂತು, ಎಂಟು ವಾರದ ಭತ್ಯೆ

ಬ್ರಿಟನ್ನಿನ ದೊಡ್ಡ ಅಂಗಡಿಯೊಂದರ ಜಾಲತಾಣದಲ್ಲಿ ವಾಷಿಂಗ್ ಮಷೀನ್ ಆರಿಸಿ, ಕಂತಿನಲ್ಲಿ ಕಟ್ಟುತ್ತೇನೆ ಎಂದು ಒತ್ತಿದರೆ ಒಂದು ಅರ್ಜಿ ತೆರೆದುಕೊಳ್ಳುತ್ತದೆ. ಹೆಸರು, ಹುಟ್ಟಿದ ತಾರೀಖು, ಹಿಂದಿನ ಮೂರು ವರ್ಷ ವಾಸವಿದ್ದ ವಿಳಾಸಗಳು. ಇಷ್ಟು ತುಂಬುವುದು ಯಾರಿಗೂ ಕಷ್ಟವಲ್ಲ. ಅದರ ಕೆಳಗೆ ಉದ್ಯೋಗದ ಕಾಲಂ: ಪೂರ್ಣಾವಧಿ, ಅರೆಕಾಲಿಕ, ಸ್ವಂತ ವ್ಯವಹಾರ, ನಿವೃತ್ತಿ, ವಿದ್ಯಾರ್ಥಿ, ಗೃಹಿಣಿ, ನಿರುದ್ಯೋಗಿ. ಪಾರ್ಶ್ವವಾಯು ಹೊಡೆದ ಗಂಡನನ್ನೋ, ಆಟಿಸಂ ಇರುವ ಮಗನನ್ನೋ, ಮರೆವಿನ ಕಾಯಿಲೆಗೆ ಸಿಕ್ಕ ತಾಯಿಯನ್ನೋ ಹಗಲು ರಾತ್ರಿ ನೋಡಿಕೊಳ್ಳುತ್ತ ಸರ್ಕಾರದ ಭತ್ಯೆಯಲ್ಲಿ ಬದುಕುವವರ ಬೆರಳು ಇಲ್ಲಿಗೆ ಬಂದು ನಿಲ್ಲುತ್ತದೆ. ಕೆಲವು ಅರ್ಜಿಗಳಲ್ಲಿ ‘ಕೇರರ್’ ಎಂಬ ಆಯ್ಕೆ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ನಿರುದ್ಯೋಗಿ ಎಂದರೆ ಕೂಡಲೇ ತಿರಸ್ಕರಿಸುತ್ತಾರೇನೋ ಎಂಬ ಅಳುಕು. ಕೆಲಸವಿದೆ ಎಂದರೆ ಸುಳ್ಳು. ಮುಂದಿನ ಪ್ರಶ್ನೆ ಇನ್ನೂ ಇಕ್ಕಟ್ಟಿನದು: ನಿಮ್ಮ ಆದಾಯ ಎಷ್ಟು?

ಭತ್ಯೆಯೂ ಆದಾಯವೇ. ಅದನ್ನು ಅರ್ಜಿಯಲ್ಲಿ ಬರೆಯುವುದು ಹಕ್ಕು, ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಆದರೆ ಇದು ಸಂಬಳದಂಥ ಆದಾಯವಲ್ಲ. ಎಷ್ಟು ದಿನ ಬರುತ್ತದೆ ಎಂಬುದು ಅದನ್ನು ಪಡೆಯುವವರ ಮೇಲೆ ನಿಂತಿಲ್ಲ, ಅವರು ನೋಡಿಕೊಳ್ಳುತ್ತಿರುವವರ ದೇಹಸ್ಥಿತಿಯ ಮೇಲೆ ನಿಂತಿದೆ. ಸಾಲ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಈ ಎರಡನೆಯ ಸಂಗತಿ ಮರೆತುಹೋಗುತ್ತದೆ. ನನಗೆ ಇಂದು ಮುಖ್ಯವಾಗಿ ಹೇಳಬೇಕಿರುವುದು ಅದನ್ನೇ.

ಆರೈಕೆಯನ್ನು ಕೆಲಸವೆಂದು ಒಪ್ಪಿಕೊಳ್ಳಲು ಬ್ರಿಟಿಷ್ ಸರ್ಕಾರವೇ ಬಹಳ ಕಾಲ ತೆಗೆದುಕೊಂಡಿತು. ಈ ಭತ್ಯೆ 1976ರಲ್ಲಿ ‘ಇನ್‌ವ್ಯಾಲಿಡ್ ಕೇರ್ ಅಲವೆನ್ಸ್’ ಎಂಬ ಹೆಸರಿನಲ್ಲಿ ಆರಂಭವಾದಾಗ ಗಂಡನೊಂದಿಗೆ ಬಾಳುತ್ತಿದ್ದ ಹೆಂಗಸರಿಗೆ ಅದು ಸಿಗುತ್ತಿರಲಿಲ್ಲ. ಮದುವೆಯಾದವಳು ಹೇಗೂ ಮನೆಯಲ್ಲೇ ಇರುತ್ತಾಳಲ್ಲ ಎಂಬುದು ಆಗಿನ ಅಧಿಕಾರಸ್ಥರ ಎಣಿಕೆ. ತಾಯಿಯನ್ನು ನೋಡಿಕೊಳ್ಳಲು 1984ರಲ್ಲಿ ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿದರು. ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 1986ರ ಜೂನ್ 24ರಂದು ತೀರ್ಪು ಅವರ ಪರವಾಗಿ ಬಂತು. ಸೋಲು ಖಚಿತವೆಂದು ತಿಳಿದ ಸರ್ಕಾರ ಅದರ ಹಿಂದಿನ ದಿನವೇ ವಿವಾಹಿತ ಮಹಿಳೆಯರಿಗೂ ಭತ್ಯೆ ಕೊಡುವುದಾಗಿ ಘೋಷಿಸಿತ್ತು. ‘ಕೇರರ್ಸ್ ಅಲವೆನ್ಸ್’ ಎಂಬ ಈಗಿನ ಹೆಸರು ಬಂದಿದ್ದು 2003ರಲ್ಲಿ. ಒಬ್ಬ ಮಗಳು ನ್ಯಾಯಾಲಯದ ಮೆಟ್ಟಿಲೇರಿ ಗೆದ್ದುಕೊಟ್ಟ ಹಣ ಇದು. ಅರ್ಜಿಯಲ್ಲಿ ಇದನ್ನು ಬರೆಯಲು ಹಿಂಜರಿಯುವವರು ಈ ಚರಿತ್ರೆಯನ್ನು ತಿಳಿದಿರಬೇಕು ಎಂದು ನನ್ನ ಆಸೆ.

ಮೊತ್ತ ಮಾತ್ರ ತೀರಾ ಕಡಿಮೆ. 2025ರ ಏಪ್ರಿಲ್‌ನಿಂದ ಒಂದು ವರ್ಷಕ್ಕೆ ಗೊತ್ತುಮಾಡಿದ ದರ ವಾರಕ್ಕೆ 83.30 ಪೌಂಡ್. ಇದು ಸಿಗಬೇಕಾದರೆ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುತ್ತಿರಬೇಕು. ಅಂದರೆ ಗಂಟೆಗೆ 2.38 ಪೌಂಡ್. ಅದೇ ವರ್ಷ ಬ್ರಿಟನ್ನಿನಲ್ಲಿ ವಯಸ್ಕರಿಗೆ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಜೊತೆಗೆ, ಆರೈಕೆ ಪಡೆಯುವವರಿಗೆ ಪಿಐಪಿಯ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ದೈನಂದಿನ ಬದುಕಿನ ಭಾಗವೋ ಅಟೆಂಡೆನ್ಸ್ ಅಲವೆನ್ಸೋ ಅಂಥ ಇನ್ನೊಂದು ಅಂಗವಿಕಲ ಭತ್ಯೆಯೋ ಮಂಜೂರಾಗಿರಬೇಕು. ನೋಡಿಕೊಳ್ಳುವವರು ದುಡಿಯಬಹುದು, ಆದರೆ ವಾರದ ಗಳಿಕೆ ತೆರಿಗೆ ಮುಂತಾದ ಕಡಿತಗಳ ನಂತರ ಒಂದು ಮಿತಿ ದಾಟುವಂತಿಲ್ಲ; 2025–26ರಲ್ಲಿ ಆ ಮಿತಿ 196 ಪೌಂಡ್. ಒಂದು ಪೌಂಡ್ ಹೆಚ್ಚಾದರೂ ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಇದರ ಜಾಗಕ್ಕೆ ‘ಕೇರರ್ ಸಪೋರ್ಟ್ ಪೇಮೆಂಟ್’ ಬಂದಿದೆ, ಅಲ್ಲಿನ ನಿಯಮಗಳು ಕೆಲವೆಡೆ ಬೇರೆ. ನಾನಿಲ್ಲಿ ಹೇಳುತ್ತಿರುವುದು ಇಂಗ್ಲೆಂಡ್ ಮತ್ತು ವೇಲ್ಸ್ ಲೆಕ್ಕ.

ಈಗ ಅಂಗಡಿಯವರ ಕಡೆಯಿಂದ ನೋಡೋಣ. ಗ್ರಾಹಕ ಸಾಲದ ಮೇಲ್ವಿಚಾರಣೆ 2014ರ ಏಪ್ರಿಲ್‌ನಿಂದ ಫೈನಾನ್ಶಿಯಲ್ ಕಂಡಕ್ಟ್ ಅಥಾರಿಟಿಯ ಕೈಯಲ್ಲಿದೆ. ಸಾಲ ಕೊಡುವ ಮೊದಲು, ಇವರು ಬೇರೆ ಖರ್ಚಿಗೆ ಸಂಕಟಪಡದೆ ಇದನ್ನು ತೀರಿಸಬಲ್ಲರೇ ಎಂದು ಪರಿಶೀಲಿಸುವುದು ಸಾಲದಾತರ ಹೊಣೆ ಎಂದು ಅದರ ನಿಯಮ ಹೇಳುತ್ತದೆ. ಆದಾಯ ಸಂಬಳದ ರೂಪದಲ್ಲೇ ಇರಬೇಕು ಎಂಬ ಷರತ್ತು ಅದರಲ್ಲಿ ಇಲ್ಲ. ಹಾಗಿದ್ದರೂ ಕೆಲವು ಕಂಪನಿಗಳು ತಮ್ಮದೇ ಮಾನದಂಡ ಇಟ್ಟುಕೊಂಡು ಇಂತಿಷ್ಟು ಆದಾಯ ಇರಲೇಬೇಕು ಎನ್ನುತ್ತವೆ. ಅದು ಅವರಿಗೆ ಬಿಟ್ಟ ವಿಷಯ, ಸಾಲ ಪಡೆಯುವುದು ಯಾರ ಹಕ್ಕೂ ಅಲ್ಲ. ಆದರೆ ಭತ್ಯೆಯಲ್ಲಿ ಬದುಕುವವರು ಅರ್ಜಿಯನ್ನೇ ಹಾಕಬಾರದು ಎಂಬ ಕಾನೂನು ಎಲ್ಲೂ ಇಲ್ಲ. ಕೇರರ್ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ‘ಇತರೆ’ ಅಥವಾ ‘ಉದ್ಯೋಗದಲ್ಲಿಲ್ಲ’ ಎಂಬುದನ್ನು ಆರಿಸಿ, ಆದಾಯದ ಕಾಲಂನಲ್ಲಿ ಭತ್ಯೆಯ ಮೊತ್ತ ಬರೆಯಿರಿ. ಇಲ್ಲದ ನೌಕರಿಯನ್ನು ಮಾತ್ರ ಬರೆಯಬೇಡಿ. ಸಾಲಕ್ಕಾಗಿ ತಿಳಿದೂ ಸುಳ್ಳು ಮಾಹಿತಿ ಕೊಡುವುದು ಅಲ್ಲಿನ 2006ರ ವಂಚನೆ ಕಾಯ್ದೆಯಡಿ ಅಪರಾಧವಾಗುತ್ತದೆ.

ಮೊತ್ತ ಬರೆಯುವಾಗ ಲೆಕ್ಕ ತಪ್ಪುವುದು ಸುಲಭ. ಭತ್ಯೆ ವಾರದ ಲೆಕ್ಕದಲ್ಲಿದೆ, ಅರ್ಜಿ ತಿಂಗಳ ಲೆಕ್ಕ ಕೇಳುತ್ತದೆ. ನಾಲ್ಕರಿಂದ ಗುಣಿಸಿದರೆ 333.20 ಪೌಂಡ್ ಬರುತ್ತದೆ. ಆದರೆ ವರ್ಷಕ್ಕೆ 52 ವಾರ. 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 361 ಪೌಂಡ್. ನಾಲ್ಕರಿಂದ ಗುಣಿಸುವುದು ಕಡಿಮೆ ಬರೆಯುವ ತಪ್ಪು. ಹೆಚ್ಚು ಬರೆಯುವ ತಪ್ಪು ಇನ್ನೂ ತೊಡಕಿನದು. ಕೇರರ್ಸ್ ಅಲವೆನ್ಸ್ ಜೊತೆ, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಕೂಡ ಪಡೆಯುವವರು ಎರಡನ್ನೂ ಪೂರ್ತಿಯಾಗಿ ಕೂಡಿಸಿಬಿಡುತ್ತಾರೆ. 2025–26ರಲ್ಲಿ 25 ವರ್ಷ ದಾಟಿದ ಒಂಟಿ ವ್ಯಕ್ತಿಗೆ ಯೂನಿವರ್ಸಲ್ ಕ್ರೆಡಿಟ್‌ನ ಮೂಲ ಮೊತ್ತ ತಿಂಗಳಿಗೆ 400.14 ಪೌಂಡ್, ಆರೈಕೆ ಮಾಡುವುದಕ್ಕೆ ಸೇರುವುದು 201.68 ಪೌಂಡ್, ಒಟ್ಟು 601.82. ಈ ಮೊತ್ತದಿಂದ ಕೇರರ್ಸ್ ಅಲವೆನ್ಸಿನ 361 ಪೌಂಡನ್ನು ಪೂರ್ತಿ ಕಳೆದು, ಉಳಿದ 241 ಪೌಂಡಿನಷ್ಟನ್ನು ಮಾತ್ರ ಕೊಡುತ್ತಾರೆ. ಅಂದರೆ ಮನೆ ಬಾಡಿಗೆಯ ನೆರವು ಬಿಟ್ಟು ಕೈಗೆ ಬರುವುದು ಎರಡೂ ಸೇರಿ 602 ಪೌಂಡಿನ ಆಸುಪಾಸು. 963 ಎಂದು ಬರೆದವರು ತಮಗೇ ಗೊತ್ತಿಲ್ಲದೆ ಇಲ್ಲದ ಹಣದ ಮೇಲೆ ಸಾಲ ಕೇಳಿದಂತಾಗುತ್ತದೆ.

ಇನ್ನೊಂದು, ಗಂಡನಿಗೆ ಬರುವ ಪಿಐಪಿ ಹೆಂಡತಿಯ ಆದಾಯವಲ್ಲ. ಅದು ಅವರ ಅಂಗವೈಕಲ್ಯದ ಹೆಚ್ಚುವರಿ ಖರ್ಚಿಗೆ ಅವರ ಹೆಸರಿನಲ್ಲಿ ಬರುವ ಹಣ. ಮನೆಯ ಒಟ್ಟು ಆದಾಯ ಎಷ್ಟು ಎಂದು ಅರ್ಜಿ ಬೇರೆಯಾಗಿ ಕೇಳಿದರೆ ಅಲ್ಲಿ ಸೇರಿಸಬಹುದು. ಗಂಡನ ಹೆಸರಿನಲ್ಲೇ ಅರ್ಜಿ ಹಾಕಿಬಿಡೋಣ, ಅವರ ಭತ್ಯೆಯೇ ದೊಡ್ಡದು ಎಂದು ಯೋಚಿಸುವವರೂ ಇದ್ದಾರೆ. ಅವರಿಗೆ ತಿಳಿವಳಿಕೆ ಇದ್ದು, ಒಪ್ಪಿ, ತಾವೇ ಸಹಿ ಮಾಡಿದರೆ ಅದು ಅವರ ಸಾಲ. ಮರೆವಿನ ಕಾಯಿಲೆಯಿಂದಾಗಿ ಅಷ್ಟು ಶಕ್ತಿ ಉಳಿದಿಲ್ಲವಾದರೆ, ಅವರ ಪರವಾಗಿ ಭತ್ಯೆ ಪಡೆಯಲು ಸರ್ಕಾರ ಕೊಟ್ಟ ಅಧಿಕಾರ ಅವರ ಹೆಸರಿನಲ್ಲಿ ಸಾಲ ಮಾಡಲು ಸಾಲದು. ಆ ಎರಡು ಅಧಿಕಾರಗಳು ಬೇರೆ ಬೇರೆ. ಈ ಗೆರೆಯನ್ನು ಒಳ್ಳೆಯ ಮನಸ್ಸಿನಿಂದ ದಾಟಿದರೂ ನಂತರ ತೊಂದರೆ ತಪ್ಪಿದ್ದಲ್ಲ.

ಭತ್ಯೆ ಪಡೆಯುತ್ತಿರುವುದು ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಪ್ಪು ಚುಕ್ಕೆಯಾಗಿ ಕೂತಿರುತ್ತದೆ ಎಂಬ ಭಯವನ್ನು ಬಿಟ್ಟುಬಿಡಬಹುದು. ಎಕ್ಸ್‌ಪೀರಿಯನ್, ಎಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಈ ಮೂರು ಸಂಸ್ಥೆಗಳ ವರದಿಯಲ್ಲಿ ಸಂಬಳವೂ ಬರೆದಿರುವುದಿಲ್ಲ, ಭತ್ಯೆಯೂ ಬರೆದಿರುವುದಿಲ್ಲ. ಹಳೆಯ ಸಾಲಗಳನ್ನು ಹೇಗೆ ತೀರಿಸಿದಿರಿ, ಮತದಾರರ ಪಟ್ಟಿಯಲ್ಲಿ ಈ ವಿಳಾಸದಲ್ಲಿ ಹೆಸರಿದೆಯೇ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ ಎಂಬುದು ಇರುತ್ತದೆ. ಸುಸ್ತಿಯಾದ ಸಾಲದ ಗುರುತು ಆರು ವರ್ಷ ಉಳಿಯುತ್ತದೆ. ಜಂಟಿ ಬ್ಯಾಂಕ್ ಖಾತೆ ಇದ್ದರೆ ಗಂಡ ಹೆಂಡಿರ ವರದಿಗಳಿಗೆ ನಂಟು ಬೀಳುತ್ತದೆ. ಖಾತೆಗೆ ತಿಂಗಳಿಗೆ ಎಷ್ಟು ಹಣ ಹರಿದುಬರುತ್ತದೆ ಎಂಬ ಅಂದಾಜನ್ನೂ ಸಾಲದಾತರು ಈ ಸಂಸ್ಥೆಗಳ ಮೂಲಕ ಪಡೆಯಬಲ್ಲರು. ಹಾಗಾಗಿ ಬರೆದ ಆದಾಯಕ್ಕೂ ಖಾತೆಗೂ ತಾಳೆಯಾಗಬೇಕು. ಅರ್ಜಿ ಹಾಕುವ ಮುನ್ನ ಅಂಗಡಿಯವರಲ್ಲಿ ‘ಸಾಫ್ಟ್ ಸರ್ಚ್’ ವ್ಯವಸ್ಥೆ ಇದೆಯೇ ನೋಡಿ. ಸಾಲ ಸಿಗುವ ಸಾಧ್ಯತೆ ಎಷ್ಟೆಂದು ಅದು ಹೇಳುತ್ತದೆ, ಬೇರೆ ಸಾಲದಾತರ ಕಣ್ಣಿಗೆ ಬೀಳುವುದಿಲ್ಲ. ಪೂರ್ತಿ ಅರ್ಜಿಯ ಗುರುತು ಬೀಳುತ್ತದೆ. ಒಂದು ಕಡೆ ಇಲ್ಲವೆಂದರು ಎಂದು ಅದೇ ವಾರ ನಾಲ್ಕು ಕಡೆ ಅರ್ಜಿ ಹಾಕಿದರೆ ನಾಲ್ಕನೆಯವರು ಮೊದಲ ಮೂರನ್ನೂ ಕಾಣುತ್ತಾರೆ. ತಿರಸ್ಕರಿಸಿದಾಗ ಯಾವ ಸಂಸ್ಥೆಯ ವರದಿ ನೋಡಿದಿರಿ ಎಂದು ಕೇಳಿ ತಿಳಿಯಬಹುದು. ಆ ವರದಿಯನ್ನು ಪುಕ್ಕಟೆಯಾಗಿ ತರಿಸಿಕೊಳ್ಳಬಹುದು. ತೀರ್ಮಾನ ಕಂಪ್ಯೂಟರ್ ಒಂದೇ ಕೊಟ್ಟದ್ದಾದರೆ ಮನುಷ್ಯರೊಬ್ಬರು ಮತ್ತೆ ನೋಡಲಿ ಎಂದು ಕೇಳುವ ಅವಕಾಶವೂ ಇದೆ. ಅಂಗಡಿ ಸಾಲ ಮಾಡಿದರೆ ಭತ್ಯೆ ಕಡಿತವಾಗುತ್ತದೆಯೇ? ಇಲ್ಲ. ಸಾಲವನ್ನು ಗಳಿಕೆ ಎಂದು ಯಾರೂ ಎಣಿಸುವುದಿಲ್ಲ.

ಇಷ್ಟೆಲ್ಲ ದಾಟಿ, ಸಾಲ ಮಂಜೂರಾಯಿತು ಎಂದುಕೊಳ್ಳಿ. ಮಂಜೂರಾತಿ ಬಂದ ಕ್ಷಣದ ನೆಮ್ಮದಿಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಈ ಭತ್ಯೆ ಎಂದಿನವರೆಗೆ ಬರುತ್ತದೆ?

ಆರೈಕೆ ಪಡೆಯುತ್ತಿದ್ದವರು ತೀರಿಕೊಂಡರೆ ಕೇರರ್ಸ್ ಅಲವೆನ್ಸ್ ಇನ್ನು ಎಂಟು ವಾರ ಬಂದು ನಿಲ್ಲುತ್ತದೆ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆರೈಕೆಯ ಮೊತ್ತ ಪಡೆಯುತ್ತಿದ್ದವರಿಗೆ ಅದು ಮೂರು ತಿಂಗಳ ಲೆಕ್ಕದವರೆಗೆ ಮುಂದುವರಿಯುತ್ತದೆ, ಅಷ್ಟೇ. ಸಾವಷ್ಟೇ ಅಲ್ಲ. ವಯಸ್ಕರು ಆಸ್ಪತ್ರೆ ಸೇರಿ 28 ದಿನ ದಾಟಿದರೆ ಅವರ ಪಿಐಪಿ ಅಥವಾ ಅಟೆಂಡೆನ್ಸ್ ಅಲವೆನ್ಸ್ ನಿಲ್ಲುತ್ತದೆ. ಅದು ನಿಂತರೆ ಅದಕ್ಕೆ ಕಟ್ಟಿಕೊಂಡಿರುವ ಕೇರರ್ಸ್ ಅಲವೆನ್ಸ್ ಕೂಡ ನಿಲ್ಲುತ್ತದೆ. ಮನೆಗೆ ಬಂದು ಕೆಲವೇ ದಿನದಲ್ಲಿ ಮತ್ತೆ ಆಸ್ಪತ್ರೆ ಸೇರಿದರೆ ಎರಡೂ ಅವಧಿಗಳನ್ನು ಕೂಡಿಸಿ ಎಣಿಸುತ್ತಾರೆ. ಮಕ್ಕಳ ವಿಷಯದಲ್ಲೂ 2016ರವರೆಗೆ ಹೀಗೊಂದು ಕಡಿತವಿತ್ತು. ಸುಪ್ರೀಂ ಕೋರ್ಟಿನ 2015ರ ತೀರ್ಪೊಂದರ ನಂತರ 18 ವರ್ಷದೊಳಗೆ ಆಸ್ಪತ್ರೆ ಸೇರಿದವರಿಗೆ ಅದನ್ನು ತೆಗೆದುಹಾಕಿದರು. ಇನ್ನು ಪಿಐಪಿಯ ಮರುಪರಿಶೀಲನೆ. ಕೆಲವು ವರ್ಷಕ್ಕೊಮ್ಮೆ ಬರುವ ಆ ಪತ್ರದ ಕೊನೆಯಲ್ಲಿ ಅರ್ಹತೆ ನಿರ್ಧರಿಸುವ ಅಂಕ ಗಂಡನಿಗೆ ಕಡಿಮೆಯಾದರೆ ಹೆಂಡತಿಯ ಆದಾಯ ಸೊನ್ನೆಯಾಗುತ್ತದೆ. ಅವಳ ಆರೈಕೆ ಮಾತ್ರ ಒಂದು ಗಂಟೆಯೂ ಕಡಿಮೆಯಾಗಿರುವುದಿಲ್ಲ.

ನೌಕರಿ ಹೋಗುವ ಭಯ ಎಲ್ಲ ಸಾಲಗಾರರಿಗೂ ಇದೆಯಲ್ಲ ಎನ್ನಬಹುದು. ಇದು ಅದಲ್ಲ. ನೌಕರಿ ಹೋದವರು ದುಃಖದಲ್ಲಿದ್ದರೂ ಮರುದಿನ ಇನ್ನೊಂದು ನೌಕರಿ ಹುಡುಕಲು ಹೊರಡಬಹುದು. ಇಪ್ಪತ್ತು ವರ್ಷ ಮಗನನ್ನು ನೋಡಿಕೊಂಡು ಅವನನ್ನು ಕಳೆದುಕೊಂಡ ತಾಯಿಗೆ ಕೆಲಸದ ಅನುಭವವೆಂದು ತೋರಿಸಲು ಕಾಗದವಿಲ್ಲ, ಮೈಯಲ್ಲಿ ಕಸುವಿಲ್ಲ, ಶೋಕಕ್ಕೆ ಅವಧಿಯಿಲ್ಲ. ಎಂಟನೆಯ ವಾರ ಮುಗಿದ ಮೇಲೂ ಕಂತಿನ ದಿನ ತಪ್ಪದೆ ಬರುತ್ತದೆ. ಆದ್ದರಿಂದಲೇ ಆರೈಕೆದಾರರ ಮಟ್ಟಿಗೆ ಬಡ್ಡಿಯ ದರಕ್ಕಿಂತ ಮೊದಲು ನೋಡಬೇಕಾದದ್ದು ಸಾಲದ ಅವಧಿ ಎಂದು ನನ್ನ ಅಭಿಪ್ರಾಯ. ಅವಧಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಮನೆಯಲ್ಲಿರುವವರ ಕಾಯಿಲೆ ಏರುಮುಖದಲ್ಲಿದ್ದರೆ ಒಂದು ವರ್ಷ ದಾಟುವ ಕಂತಿಗೆ ಒಪ್ಪದಿರುವುದೇ ಕ್ಷೇಮ. ಇದನ್ನು ಬರೆಯುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ತನ್ನವರ ಆಯುಷ್ಯವನ್ನು ಕಂತಿನೊಂದಿಗೆ ಅಳೆದು ನೋಡು ಎಂದು ಯಾರಿಗಾದರೂ ಹೇಗೆ ಹೇಳುವುದು? ಆದರೆ ನಿಯಮ ಅಳೆಯುತ್ತದೆ. ಅದನ್ನು ಮೊದಲೇ ತಿಳಿಸದಿರುವುದು ಕರುಣೆಯಲ್ಲ.

ಗಳಿಕೆಯ ಮಿತಿಯದ್ದೂ ಇಂಥದೇ ಅಪಾಯ. ವಾರಕ್ಕೆ ಹನ್ನೆರಡು ಗಂಟೆ ಅಂಗಡಿಯಲ್ಲಿ ದುಡಿಯುವ ಆರೈಕೆದಾರರೊಬ್ಬರು ಕಂತು ತೀರಿಸಲೆಂದೇ ಕೆಲವು ಗಂಟೆ ಹೆಚ್ಚು ದುಡಿದು ಆ ಮಿತಿ ದಾಟಿದರೆ, ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. ಇಲಾಖೆಗೆ ಅದು ತಡವಾಗಿ ಗೊತ್ತಾದರೆ ತಿಂಗಳುಗಟ್ಟಲೆಯ ಭತ್ಯೆ ವಾಪಸ್ ಕೊಡಿ ಎಂಬ ನೋಟಿಸ್ ಬರುತ್ತದೆ. ಹೀಗೆ ಸಾವಿರಾರು ಪೌಂಡ್ ಸಾಲಗಾರರಾದವರ ಕಥೆ 2024ರಲ್ಲಿ ಬ್ರಿಟಿಷ್ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಸರ್ಕಾರ ಲಿಜ್ ಸೇಸ್ ಅವರಿಗೆ ಸ್ವತಂತ್ರ ಪರಿಶೀಲನೆ ಒಪ್ಪಿಸಿತು. ಏರಿಳಿಯುವ ಗಳಿಕೆಯನ್ನು ಸರಾಸರಿ ಮಾಡುವ ನಿಯಮವನ್ನು ಇಲಾಖೆಯೇ ಸ್ಪಷ್ಟವಾಗಿ ಇಟ್ಟಿರಲಿಲ್ಲ ಎಂಬುದು 2025ರ ನವೆಂಬರ್‌ನಲ್ಲಿ ಬಂದ ಆ ವರದಿಯಿಂದ ಹೊರಬಿತ್ತು. ಆರೈಕೆದಾರರ ಬೇಜವಾಬ್ದಾರಿ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದದ್ದರಲ್ಲಿ ಬಹುಪಾಲು ವ್ಯವಸ್ಥೆಯ ದೋಷವೇ ಎಂದು ನಾನು ತಿಳಿದಿದ್ದೇನೆ. ಓವರ್‌ಟೈಮ್ ಮಾಡಿ ಕಂತು ತೀರಿಸೋಣ ಎಂಬ ದಾರಿ ಇವರಿಗೆ ಅರ್ಧ ಮುಚ್ಚಿದೆ.

ಇನ್ನು ಕಂತಿನ ಬೆಲೆ. ವಾಷಿಂಗ್ ಮಷೀನ್ 300 ಪೌಂಡಿನದು, ಬಡ್ಡಿ ವರ್ಷಕ್ಕೆ ಶೇ 34.9 ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ; ಅಂಗಡಿ ಕಾರ್ಡುಗಳಲ್ಲಿ ಇಂಥ ದರ ಅಪರೂಪವಲ್ಲ. ಒಂದು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 29 ಪೌಂಡ್, ಒಟ್ಟು 351. ಮೂರು ವರ್ಷಕ್ಕೆ ಎಳೆದರೆ ತಿಂಗಳಿಗೆ 13 ಪೌಂಡಿಗಿಂತ ಕಡಿಮೆ, ಆದರೆ ಒಟ್ಟು 460. ತಿಂಗಳಿಗೆ 13 ಎಂಬ ಅಂಕಿಯೇ ಕಣ್ಣಿಗೆ ಹಿತವಾಗಿ ಕಾಣುವುದು. 160 ಪೌಂಡ್ ಬಡ್ಡಿ ಎಂದರೆ ಎರಡು ವಾರದ ಭತ್ಯೆಗೆ ಹತ್ತಿರ. ತಿಂಗಳ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ ಹೋದರೆ ಅವಧಿ ಇದಕ್ಕಿಂತಲೂ ಉದ್ದವಾಗಬಹುದು.

‘ಈಗ ಕೊಳ್ಳಿ, ವರ್ಷದ ನಂತರ ಕಟ್ಟಿ’ ಎಂಬ ಯೋಜನೆಯನ್ನು ಇನ್ನೂ ಎಚ್ಚರದಿಂದ ಓದಬೇಕು. ವರ್ಷದೊಳಗೆ ಪೂರ್ತಿ ತೀರಿಸಿದರೆ ಬಡ್ಡಿಯಿಲ್ಲ. ತೀರದಿದ್ದರೆ ಬಡ್ಡಿ ಆ ದಿನದಿಂದಲ್ಲ, ಕೊಂಡ ಮೊದಲ ದಿನದಿಂದ ಬೀಳುತ್ತದೆ. ಮೇಲಿನ ಲೆಕ್ಕದಲ್ಲಿ ಏನೂ ಕಟ್ಟದೆ ವರ್ಷ ದಾಟಿಸಿದವರಿಗೆ ಒಂದೇ ಸಲ 105 ಪೌಂಡ್ ಸೇರುತ್ತದೆ. 2019ರ ನವೆಂಬರ್‌ನಿಂದ ಒಂದು ರಕ್ಷಣೆ ಬಂದಿದೆ: ಆ ವರ್ಷದೊಳಗೆ ಕಟ್ಟಿದ ಭಾಗದ ಮೇಲೆ ಹಿಂದಿನಿಂದ ಬಡ್ಡಿ ಹಾಕುವಂತಿಲ್ಲ. ಹಾಗಾಗಿ ಇಂಥ ಯೋಜನೆ ಒಪ್ಪಿಕೊಂಡವರು 300ನ್ನು 12ರಿಂದ ಭಾಗಿಸಿ ತಿಂಗಳಿಗೆ 25 ಪೌಂಡ್ ಕಟ್ಟುತ್ತ ಹೋಗಲಿ. ಅಂಗಡಿ ಕೇಳುವವರೆಗೆ ಕಾಯಬೇಡಿ. ಮನಸ್ಸು ಬದಲಾದರೆ ಸಾಲದ ಒಪ್ಪಂದದಿಂದ 14 ದಿನದೊಳಗೆ ಹಿಂದೆ ಸರಿಯಬಹುದು. ಆಗ ವಸ್ತುವಿನ ಬೆಲೆಯನ್ನು ಬೇರೆ ರೀತಿಯಲ್ಲಿ ಕೊಡಬೇಕಾಗುತ್ತದೆ, ಅಥವಾ ವಸ್ತು ವಾಪಸ್ ಮಾಡಬೇಕಾಗುತ್ತದೆ.

ಬಡ್ಡಿ ಜಾಸ್ತಿಯೆಂದ ಮಾತ್ರಕ್ಕೆ ಕಂತು ಬೇಡವೇ ಬೇಡ ಎಂದು ಉಪದೇಶ ಮಾಡುವವರ ಜೊತೆ ನಾನು ಸೇರಲಾರೆ. ಮೂತ್ರದ ಮೇಲೆ ಹಿಡಿತವಿಲ್ಲದವರು ಮನೆಯಲ್ಲಿದ್ದರೆ ದಿನಕ್ಕೆ ಎರಡು ಮೂರು ಸಲ ಹಾಸಿಗೆ ಬಟ್ಟೆ ಒಗೆಯಬೇಕು. ಆ ಮನೆಗೆ ವಾಷಿಂಗ್ ಮಷೀನ್ ಔಷಧಿಯಷ್ಟೇ ಅಗತ್ಯ, ಅದು ಕೆಟ್ಟ ದಿನವೇ ಇನ್ನೊಂದು ಬೇಕು. ಇಂಥವರನ್ನು ಒಳ್ಳೆಯ ಅಂಗಡಿಗಳು ತಿರಸ್ಕರಿಸಿದಾಗ ಅವರು ಎಲ್ಲಿಗೆ ಹೋಗುತ್ತಿದ್ದರು ಎಂಬುದಕ್ಕೆ ಬ್ರೈಟ್‌ಹೌಸ್ ಸಾಕ್ಷಿ. ವಾರದ ಬಾಡಿಗೆ ಕಟ್ಟುತ್ತ ಕೊನೆಗೆ ವಸ್ತು ತಮ್ಮದಾಗಿಸಿಕೊಳ್ಳುವ ವ್ಯವಹಾರ ಅದರದು. ಇಂಥ ಅಂಗಡಿಗಳಲ್ಲಿ ಬಡ್ಡಿ ಮತ್ತಿತರ ಶುಲ್ಕ ವಸ್ತುವಿನ ಬೆಲೆಯನ್ನು ಮೀರಬಾರದು ಎಂಬ ಮಿತಿ ಬಂದಿದ್ದು 2019ರ ಏಪ್ರಿಲ್‌ನಲ್ಲಿ. ಅಂದರೆ ಮಿತಿ ಬಂದ ಮೇಲೂ 300ರ ವಸ್ತುವಿಗೆ 600 ಕೇಳಬಹುದು! 2020ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿಯಾಯಿತು. ಅಂಗಡಿ ಮುಚ್ಚಿತೆಂದು ಬಡವರ ಮನೆಯ ಮಷೀನ್ ಕೆಡುವುದು ನಿಲ್ಲಲಿಲ್ಲ.

ಆದ್ದರಿಂದ ಬಡ್ಡಿಯಿಲ್ಲದ ಬಾಗಿಲುಗಳನ್ನು ಮೊದಲು ತಟ್ಟಿ. ಯೂನಿವರ್ಸಲ್ ಕ್ರೆಡಿಟ್ ಆರು ತಿಂಗಳಿಂದ ಪಡೆಯುತ್ತಿದ್ದರೆ ‘ಬಜೆಟಿಂಗ್ ಅಡ್ವಾನ್ಸ್’ ಕೇಳಬಹುದು: ಒಂಟಿ ವ್ಯಕ್ತಿಗೆ 348, ದಂಪತಿಗೆ 464, ಮಕ್ಕಳಿದ್ದರೆ 812 ಪೌಂಡಿನವರೆಗೆ. ಬಡ್ಡಿಯಿಲ್ಲ, ಮುಂದಿನ ಭತ್ಯೆಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತಾರೆ. ಕೇರರ್ಸ್ ಅಲವೆನ್ಸ್ ಒಂದನ್ನೇ ಪಡೆಯುವವರಿಗೆ ಇದು ಸಿಗದು. ತಮಗೆ ಯೂನಿವರ್ಸಲ್ ಕ್ರೆಡಿಟ್ ಅರ್ಹತೆ ಇದೆಯೇ ಎಂದು ಅವರು ಒಮ್ಮೆ ನೋಡಿಸಿಕೊಳ್ಳಬೇಕು. ಅಂಗವಿಕಲ ಅಥವಾ ತೀವ್ರ ಕಾಯಿಲೆಯ ಮಗುವಿರುವ ಕಡಿಮೆ ಆದಾಯದ ಮನೆಗೆ ಫ್ಯಾಮಿಲಿ ಫಂಡ್ ಇದೆ. 1973ರಲ್ಲಿ ಹುಟ್ಟಿದ ಆ ಸಂಸ್ಥೆ ವಾಷಿಂಗ್ ಮಷೀನಿನಂಥ ವಸ್ತುಗಳಿಗೆ ಕೊಡುವುದು ಸಾಲವಲ್ಲ, ಸಹಾಯಧನ, ವಾಪಸ್ ಕೊಡಬೇಕಿಲ್ಲ. ಸ್ಥಳೀಯ ಕೌನ್ಸಿಲ್‌ನ ತುರ್ತು ನೆರವನ್ನೂ ವಿಚಾರಿಸಿ. ಅಲ್ಲೂ ಆಗದಿದ್ದರೆ ನಮ್ಮ ಸಹಕಾರ ಸಂಘಗಳಂಥ ಕ್ರೆಡಿಟ್ ಯೂನಿಯನ್‌ಗಳಿವೆ. ಅವು ತಿಂಗಳಿಗೆ ಶೇ 3ರವರೆಗೆ ಬಡ್ಡಿ ಪಡೆಯಬಹುದು, ಆ ಗರಿಷ್ಠ ದರದಲ್ಲಿ ಅಂಗಡಿ ಕಾರ್ಡಿಗಿಂತ ದುಬಾರಿಯಾಗುವ ಸಂಭವವೂ ಇದೆ. ಯೂನಿಯನ್ ಎಂಬ ಹೆಸರು ನಂಬಿ ಸಹಿ ಮಾಡದೆ ದರ ಕೇಳಿ. ತಿಂಗಳಿಗೆ ಶೇ 1 ಪಡೆಯುವ ಕಡೆ ಅದೇ 300 ಪೌಂಡಿಗೆ ವರ್ಷದಲ್ಲಿ ಒಟ್ಟು 320 ಕಟ್ಟಿದರೆ ಮುಗಿಯುತ್ತದೆ.

ಬ್ರಿಟನ್ನಿನ ಕನ್ನಡಿಗರಲ್ಲಿ ಈ ವಿಷಯ ಎರಡು ರೀತಿ ಬರುತ್ತದೆ. ಕೆಲಸದ ವೀಸಾ ಮೇಲೆ ಹೋದವರಿಗೆ ಸಾಮಾನ್ಯವಾಗಿ ಸರ್ಕಾರಿ ನೆರವಿಲ್ಲ ಎಂಬ ಷರತ್ತು ಇರುತ್ತದೆ. ಮಗುವಿಗೆ ಎಷ್ಟೇ ತೀವ್ರ ಅಂಗವೈಕಲ್ಯ ಇದ್ದರೂ ಕೇರರ್ಸ್ ಅಲವೆನ್ಸ್ ಕೇಳುವಂತಿಲ್ಲ.  ಇನ್ನೊಂದು ಕಡೆ, ದಶಕಗಳ ಹಿಂದೆ ಹೋಗಿ ಅಲ್ಲೇ ನೆಲೆಸಿ, ಈಗ ಎಪ್ಪತ್ತು ಎಂಬತ್ತರಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿರುವ ದಂಪತಿಗಳು. ಸರ್ಕಾರಿ ಪಿಂಚಣಿ ಭತ್ಯೆಗಿಂತ ಹೆಚ್ಚಿದ್ದರೆ ಭತ್ಯೆ ಕೈಗೆ ಬರುವುದಿಲ್ಲ. ಆದರೂ ಅರ್ಜಿ ಹಾಕಿ ಅರ್ಹತೆಯನ್ನು ಕಾಗದದ ಮೇಲೆ ಪಡೆದಿಟ್ಟುಕೊಂಡರೆ, ಕಡಿಮೆ ಆದಾಯದವರಿಗೆ ಪೆನ್ಷನ್ ಕ್ರೆಡಿಟ್‌ನಲ್ಲಿ 2025–26ರ ದರದಂತೆ ವಾರಕ್ಕೆ 46.40 ಪೌಂಡ್ ಹೆಚ್ಚುವರಿ ಸೇರುತ್ತದೆ. ಬೇರೆಯವರ ಮುಂದೆ ಕೈಯೊಡ್ಡಬಾರದು ಎಂಬ ನಮ್ಮ ಹಿರಿಯರ ಸ್ವಭಾವ ನನಗೆ ಗೊತ್ತು. ಇದು ಕೈಯೊಡ್ಡುವುದಲ್ಲ ಎಂದು ಮಕ್ಕಳಾದವರು ಕೂತು ಹೇಳಿ, ಅರ್ಜಿ ತುಂಬಿಕೊಡಬೇಕು.

ಕಂತು ನಡೆಯುತ್ತಿರುವಾಗಲೇ ಆಸ್ಪತ್ರೆಯೋ ಸಾವೋ ಬಂದುಬಿಟ್ಟರೆ, ಭತ್ಯೆಯ ಇಲಾಖೆಗೆ ತಿಳಿಸಿದ ದಿನವೇ ಸಾಲದಾತರಿಗೂ ತಿಳಿಸಿ. ಕಷ್ಟದಲ್ಲಿರುವ ಗ್ರಾಹಕರಿಗೆ ತಾಳ್ಮೆ ತೋರಿಸಿ ಕಂತು ಕಡಿಮೆ ಮಾಡುವುದೋ ಕೆಲಕಾಲ ತಡೆಹಿಡಿಯುವುದೋ ಪರಿಶೀಲಿಸಬೇಕೆಂಬುದು ಅವರ ಮೇಲಿರುವ ನಿಯಮ, ಅವರು ಮಾಡುವ ಉಪಕಾರವಲ್ಲ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಇಂಥ ಕಡೆ ಪುಕ್ಕಟೆ ಸಲಹೆ ಸಿಗುತ್ತದೆ. ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ, 2021ರ ಮೇ ತಿಂಗಳಿಂದ ಜಾರಿಯಲ್ಲಿರುವ ‘ಬ್ರೀದಿಂಗ್ ಸ್ಪೇಸ್’ ಯೋಜನೆಯಡಿ ಅದಕ್ಕೆ ಒಳಪಡುವ ಬಹುತೇಕ ಸಾಲಗಳ ಮೇಲೆ 60 ದಿನ ಬಡ್ಡಿ, ದಂಡ, ವಸೂಲಿ ನಿಲ್ಲುತ್ತವೆ. ಸಾವಿನ ನಂತರ ಭತ್ಯೆ ಬರುವ ಎಂಟು ವಾರ ಎಂದರೆ 56 ದಿನ. ಆ ದಿನಗಳು ಮುಗಿಯುವವರೆಗೆ ಕಾಯದೆ, ಕೊನೆಯ ವಾರಗಳಲ್ಲೇ ಸಲಹೆಗಾರರನ್ನು ಕಂಡರೆ ಭತ್ಯೆ ನಿಂತ ಮೇಲೆ ಇನ್ನೂ ಕೆಲವು ವಾರ ವಸೂಲಿಯವರ ಕರೆಗಳಿಲ್ಲದೆ ಕಳೆಯಬಹುದು.